ಬೋಳು ಬಂಡೆಯ ಒಂದು ಪಾಲು

ಶಿಷ್ಯನಾದ ಶಿವಲೆಂಕ ಕೇಳಿದ:

"ಗುರುಗಳೇ, ಇರುವವನು ಒಬ್ಬನೇ ಸೂರ್ಯ. ಆದರೂ ಬೆಳಿಗ್ಗೆ ಹೊಳೆಗೆ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ. ಮಧ್ಯಾಹ್ನ ಅದೇ ದಂಡೆಯ ಮರಳಿನ ಮೇಲೆ ಕಾಲಿಡಲಾಗುವುದಿಲ್ಲ. ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಕೊರೆಯುತ್ತದೆ. ಪ್ರಕೃತಿಯಲ್ಲಿ ಈ ಪಕ್ಷಪಾತ ಯಾಕೆ? ಎಲ್ಲವನ್ನೂ ಒಂದೇ ಹದದಲ್ಲಿ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?"

ಗುರು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿದರು. ಎರಡನೆಯ ಸಲ ಅದು ಪ್ರಶ್ನೆಗಿಂತ ಹೆಚ್ಚಾಗಿ ದೂರಿನಂತೆ ಕೇಳಿಸಿತು. ಅದು ಶಿವಲೆಂಕನಿಗೂ ತಿಳಿಯಿತು.

"ಒಂದೂರಿನಲ್ಲಿ ಒಂದು ಕಟ್ಟಳೆಯಿತ್ತು," ಎಂದರು ಗುರು. "ಊರ ಹಿಂದಿನ ಬಂಡೆಯ ಮೈ ಮುಚ್ಚಬಾರದು. ಕಟ್ಟಳೆ ಅಷ್ಟೇ. ಅದನ್ನು ಊರಿಗೆ ಊರೇ ಮುರಿಯಿತು. ಕೇಳು."

ಆ ಊರಿನ ಸುತ್ತ ಗುಡ್ಡಗಳು. ಹೊರಗಿನ ಗಾಳಿ ಒಳಕ್ಕೆ ಇಣುಕುವುದು ಅಪರೂಪ. ಒಂದು ಬದಿಗೆ ಕೆರೆ. ಇನ್ನೊಂದು ಬದಿಗೆ ವಿಶಾಲವಾದ ಬೋಳು ಹಾಸುಬಂಡೆ. ನಡುವೆ ಊರ ಕಣ, ಕಣದ ಮಗ್ಗುಲಿಗೆ ಮನೆಗಳ ಒಂದೇ ಸಾಲು. ಮನೆಗಳ ಮುಖ ಕಣಕ್ಕೆ, ಬೆನ್ನು ಬಂಡೆಗೆ. ಪ್ರತಿ ಮನೆಯ ಹಿಂದೆ ಬಂಡೆಯ ಒಂದು ಪಟ್ಟಿ ಆ ಮನೆಯವರ ಪಾಲಿಗೆ ಬಂದಿತ್ತು. ಪಾಲು ಎಂದರೆ ಅನುಭವಿಸುವ ಪಾಲಲ್ಲ, ಗುಡಿಸುವ ಪಾಲು. ಅಮಾವಾಸ್ಯೆಗೊಮ್ಮೆ ಮನೆಯವರು ಪೊರಕೆ ಹಿಡಿದು ತಮ್ಮ ಪಟ್ಟಿಯನ್ನು ಗುಡಿಸಬೇಕು. ಅಲ್ಲಿ ಎಲೆ ಉಳಿಯಬಾರದು. ಬೆರಣಿ ತಟ್ಟಬಾರದು. ಹಪ್ಪಳ ಒಣಗಿಸಬಾರದು. ಚಪ್ಪರ ಹಾಕಬಾರದು.

ಯಾಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಪೂಜಾರಿ, ಅದು ಅಮ್ಮನವರು ಸೀರೆ ಒಣಹಾಕುವ ಜಾಗ ಎನ್ನುತ್ತಿದ್ದ. ಕಮ್ಮಾರ, ಅದು ಮಲಗಿರುವ ರಾಕ್ಷಸನ ಬೆನ್ನು, ಕಚಗುಳಿಯಾದರೆ ಎದ್ದುಬಿಡುತ್ತಾನೆ ಎನ್ನುತ್ತಿದ್ದ. ಸೊಸೆಯಂದಿರಿಗೆ ಬಿಡುವು ಸಿಗಬಾರದೆಂದು ಯಾವಳೋ ಅತ್ತೆ ಮಾಡಿದ ಕಟ್ಟಳೆ ಎಂದು ಸೊಸೆಯಂದಿರು ಹೇಳುತ್ತಿದ್ದರು. ಗುಡಿಸುವುದನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ.

ಬಿಸಿಲಿಗೆ ಬಂಡೆ ಕಾಯುತ್ತಿತ್ತು. ಕಾಲಿಟ್ಟರೆ ಬೊಬ್ಬೆ ಬರುವಷ್ಟು ಕಾದಾಗ, ಸರಿಯಾಗಿ ಊಟದ ಹೊತ್ತು ಮುಗಿಯುವ ಸಮಯಕ್ಕೆ, ಕೆರೆಯ ಕಡೆಯಿಂದ ಗಾಳಿ ಏಳುತ್ತಿತ್ತು. ಕಣವನ್ನು ದಾಟಿ, ಮನೆಗಳ ಸಂದಿಯಲ್ಲಿ ನುಸುಳಿ, ಬಂಡೆಯ ಕಡೆಗೆ ಹೋಗುತ್ತಿತ್ತು. ಊರವರು ಅದನ್ನು ಉಣ್ಣೋ ಗಾಳಿ ಎಂದು ಕರೆಯುತ್ತಿದ್ದರು. ಸುಗ್ಗಿಯಲ್ಲಿ ಅದು ಎದ್ದಿತೆಂದರೆ ಕಣದವರು ಕೈತೊಳೆದು ಮೊರ ಹಿಡಿಯಬೇಕು. ಮೊರ ಎತ್ತಿ ತೂರಿದರೆ ರಾಗಿ ಕಾಲ ಬುಡಕ್ಕೆ, ಹೊಟ್ಟು ಅಷ್ಟು ದೂರಕ್ಕೆ.

ಕಾದ ಬಂಡೆ, ತಣ್ಣನೆಯ ಕೆರೆ, ನಡುವೆ ಗಾಳಿ. ಊರವರು ಮೂರನ್ನೂ ಬಲ್ಲರು. ಮೂರನ್ನೂ ಸೇರಿಸಿ ನೋಡಿದವರಿಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಹೆಸರು ದ್ಯಾವಣ್ಣ. ಅವನೂ ಸೇರಿಸಿ ನೋಡಿದವನಲ್ಲ. ಹೊಲ ಉಳುತ್ತಿದ್ದ, ಅಮಾವಾಸ್ಯೆಗೆ ಬಂಡೆ ಗುಡಿಸುತ್ತಿದ್ದ. ಮಾತು ಕಡಿಮೆ. ಯಾವುದಕ್ಕೂ ಬೇಗ ಹೂಂ ಅನ್ನುವವನಲ್ಲ, ಬೇಗ ಉಹೂಂ ಅನ್ನುವವನೂ ಅಲ್ಲ.

ಒಂದು ಬೇಸಿಗೆಯಲ್ಲಿ ಊರ ಗೌಡನ ಮನೆಗೆ ಹೊಸ ಅಳಿಯ ಬಂದ. ಅವನದು ತಂಪು ಸೀಮೆ. ಇಲ್ಲಿ ಹಗಲು ಬಂಡೆ ಕಾದು, ಇರುಳೆಲ್ಲ ಆ ಕಾವನ್ನು ಮನೆಗಳ ಹಿಂಗೋಡೆಗೆ ಉಗುಳುತ್ತಿತ್ತು. ಅಳಿಯನಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಕೂತು ಎಲ್ಲರ ಎದುರಿಗೇ ಹೇಳಿದ:

"ಏನ್ ಮಾವ, ನಿಮ್ಮೂರಲ್ಲಿ ಮನುಷ್ಯರನ್ನ ಹಗಲು ಹುರಿದು, ರಾತ್ರಿ ಬೇಯಿಸ್ತೀರಾ? ನಮ್ಮೂರಲ್ಲಿ ಹಗಲೂ ರಾತ್ರಿಯೂ ಒಂದೇ ಹದ ನೋಡಿ."

ಅಳಿಯನ ಮಾತು ಗೌಡನಿಗೆ ಶೂಲದಂತೆ ನಾಟಿತು. ಆ ವರ್ಷ ಕೆರೆಯ ನೀರು ಇಳಿದು ತಳದ ಗೋಡುಮಣ್ಣು ಹೊರಬಿದ್ದಿತ್ತು. ಅದನ್ನು ಹೊತ್ತು ಬಂಡೆಯ ಮೇಲೆ ದಪ್ಪಗೆ ಹರಡೋಣ, ಕುಂಬಳದ ಬೀಜ ಹಾಕೋಣ, ದಿನವೂ ನೀರು ಹೊಯ್ಯೋಣ, ಬಂಡೆ ತಂಪಾಗುತ್ತದೆ, ಕಾಯಿಯೂ ಬಿಡುತ್ತದೆ ಎಂದ. ಕಟ್ಟಳೆಯ ಮಾತು ಎತ್ತಿದವರಿಗೆ, "ಯಾಕೆ ಅಂತ ಒಬ್ಬರಾದರೂ ನೆಟ್ಟಗೆ ಹೇಳಿ, ನಾನು ಕೈಬಿಡ್ತೀನಿ," ಎಂದ. ಯಾರೂ ಹೇಳಲಾರದೆ ಹೋದರು. ಅಮ್ಮನವರು ಸೀರೆ ಎಲ್ಲಿ ಒಣಗಿಸಬೇಕು ಎಂದು ಪೂಜಾರಿ ಕೇಳಿದ. "ನಮ್ಮನೆ ತಂತಿ ಮೇಲೆ ಒಣಗಿಸಲಿ," ಎಂದಳು ಗೌಡನ ಹೆಂಡತಿ. ಜನ ನಕ್ಕರು. ನಕ್ಕ ಮೇಲೆ ಒಪ್ಪದಿರುವುದು ಕಷ್ಟ.

ಮನೆಮನೆಯವರೂ ಬುಟ್ಟಿ ಹೊತ್ತರು. ಪಟ್ಟಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಕೆಲಸ ದ್ಯಾವಣ್ಣನ ಪಟ್ಟಿಯ ಹತ್ತಿರ ಬಂದು ನಿಂತಿತು.

"ಬುಟ್ಟಿ ಎಲ್ಲಯ್ಯ ನಿಂದು?" ಎಂದ ಗೌಡ.

"ನಾನು ಹಾಕಲ್ಲ, ಗೌಡ್ರೆ."

"ಯಾಕೆ? ನಿನಗೇನಾದರೂ ಗೊತ್ತಾ?"

"ಇಲ್ಲ. ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಹಿಡಿದುಕೊಂಡು ಕೂರ್ತೀಯಲ್ಲ, ನೀನೇನು ಉಡವೇನಯ್ಯ?"

"ಗೊತ್ತಿಲ್ಲದ್ದನ್ನ ಬಿಡೋದು ಹೆಂಗೆ, ಗೌಡ್ರೆ?"

ಈ ಉತ್ತರ ಗೌಡನಿಗೂ ಅರ್ಥವಾಗಲಿಲ್ಲ, ದ್ಯಾವಣ್ಣನಿಗೂ ಪೂರ್ತಿ ಅರ್ಥವಾಗಲಿಲ್ಲ. ಅವನಿಗೆ ಬೇರೆ ಮಾತು ತೋಚದೆ ಅದನ್ನು ಆಡಿದ್ದ. ಒಂದು ಪಟ್ಟಿ ತಾನೇ, ಹಾಳಾಗಲಿ ಎಂದು ಊರವರು ಬಿಟ್ಟರು.

ಬಂಡೆ ತಂಪಾಯಿತು. ಮಳೆಗಾಲದಲ್ಲಿ ಬಳ್ಳಿ ಹಬ್ಬಿತು. ಊರ ಬೆನ್ನಿಗೆ ಹಸಿರು ಕಂಬಳಿ ಹೊದಿಸಿದ ಹಾಗಾಯಿತು. ಅಳಿಯ ಮತ್ತೆ ಬಂದು ಗೊರಕೆ ಹೊಡೆದು ಮಲಗಿದ. ಗೌಡ ಅದನ್ನು ಊರವರಿಗೆಲ್ಲ ಹೇಳಿಕೊಂಡು ಬಂದ. ದ್ಯಾವಣ್ಣನ ಪಟ್ಟಿ ಮಾತ್ರ ನಡುವೆ ಬೈತಲೆಯಂತೆ ಬೋಳಾಗಿ ಉಳಿಯಿತು. ಅವನ ಹಿಂಗೋಡೆ ಮಾತ್ರ ಕಾಯುತ್ತಿತ್ತು.

"ಊರೆಲ್ಲ ಹೊದ್ದು ಮಲಗುತ್ತೆ," ಎಂದಳು ಹೆಂಡತಿ. "ನಾವು ಬೀಸಣಿಗೆ ಹಿಡಿದು ಕೂತಿರಬೇಕು. ನೀರು ಸೇದೋಕೆ ಹೋದರೆ, ಬಂದಳಪ್ಪ ಬಾಣಲೆಯೊಳಗಿನ ಬೋಂಡ ಅಂತಾರೆ. ನಿಮಗೆ ಏನಾಗಬೇಕು?"

"ನಿನಗೆ ತುಂಬ ಸೆಕೆಯಾಗುತ್ತಾ?"

"ಇಲ್ಲ, ಚಳಿಯಾಗುತ್ತೆ!" ಎಂದು ಅವಳು ಪಾತ್ರೆ ಕುಕ್ಕಿದಳು.

ದ್ಯಾವಣ್ಣ ಹೊರಗೆ ಹೋಗಿ ಬಂಡೆಯ ಅಂಚಿನಲ್ಲಿ ನಿಂತ. ಹೆಂಡತಿಯ ಮಾತು ನ್ಯಾಯವಾಗಿತ್ತು. ತನ್ನ ಹಟಕ್ಕೆ ಕಾರಣ ಹುಡುಕಿದ. ಸಿಗಲಿಲ್ಲ. ಪೊರಕೆ ತಂದು ಗುಡಿಸಿದ. ಕಾರಣ ಸಿಗದಿದ್ದಾಗ ಅವನು ಕೆಲಸ ಮಾಡುತ್ತಿದ್ದ.

ಸುಗ್ಗಿ ಬಂತು. ಬೆಳೆ ಚೆನ್ನಾಗಿತ್ತು. ತೆನೆ ಕೊಯ್ದು, ಕಣಕ್ಕೆ ತಂದು, ಎತ್ತು ಕಟ್ಟಿ, ಕಲ್ಲುಗುಂಡು ಉರುಳಿಸಿ ಒಕ್ಕಿದರು. ಊರ ಇಡೀ ವರ್ಷದ ಅನ್ನ ಹೊಟ್ಟಿನ ಜೊತೆ ಬೆರೆತು ಕಣದಲ್ಲಿ ರಾಶಿಯಾಗಿ ಬಿದ್ದಿತು. ಇನ್ನು ತೂರಬೇಕು. ಜನ ಬುತ್ತಿ ಉಂಡು, ಕೈತೊಳೆದು, ಮೊರ ಹಿಡಿದು ನಿಂತರು.

ಗಾಳಿ ಏಳಲಿಲ್ಲ.

ಮರುದಿನವೂ ನಿಂತರು. ಏಳಲಿಲ್ಲ. ಮೊರ ಎತ್ತಿ ತೂರಿದರೆ ರಾಗಿಯೂ ಹೊಟ್ಟೂ ಕೂಡಿಯೇ ಮೇಲೆ ಹೋಗಿ, ಕೂಡಿಯೇ ಕೆಳಗೆ ಬಿದ್ದವು. ಕೆರೆಯ ನೀರು ಕನ್ನಡಿಯಂತಿತ್ತು. ಅರಳಿಯ ಎಲೆ ಕೂಡ ಅಲುಗಲಿಲ್ಲ. ಹುಟ್ಟಿದಾಗಿನಿಂದ ಉಣ್ಣೋ ಗಾಳಿಯನ್ನು ಕಂಡವರು ಅದಿಲ್ಲದ ಮಧ್ಯಾಹ್ನವನ್ನು ಕಂಡಿರಲಿಲ್ಲ. ಉಂಡೆವೋ ಇಲ್ಲವೋ ಎಂದೇ ಕೆಲವರಿಗೆ ಅನುಮಾನವಾಯಿತು.

ಊರಿಗೆ ದಿಕ್ಕು ತೋಚಲಿಲ್ಲ. ಗಾಳಿಗೆ ಮುನಿಸು ಎಂದ ಒಬ್ಬ. ಮುನಿಸಿಗೆ ಕಾರಣವೇನು ಎಂದ ಇನ್ನೊಬ್ಬ. ಕೆರೆಯಮ್ಮನಿಗೆ ಮೊಸರನ್ನ ಇಟ್ಟರು, ಕಾಗೆ ತಿಂದಿತು. ಕಮ್ಮಾರ ತಿದಿ ತಂದು ಒತ್ತಿದ. ಒಂದು ಹಿಡಿ ಹೊಟ್ಟು ಹಾರುವಷ್ಟರಲ್ಲಿ ಅವನ ತೋಳು ಸೋತಿತು. ಬಲವಾದ ಆಳುಗಳು ಕಂಬಳಿಯ ಮೂಲೆ ಹಿಡಿದು ಬೀಸಿದರು. ಹೊಟ್ಟೆಲ್ಲ ತಿರುಗಿ ಬಂದು ಗೌಡನ ಕಣ್ಣಿಗೆ ಬಿತ್ತು. ಬೇರೆ ಸಮಯವಾಗಿದ್ದರೆ ನಗುತ್ತಿದ್ದರು. ಈಗ ಯಾರೂ ನಗಲಿಲ್ಲ, ಏಕೆಂದರೆ ಗುಡ್ಡದ ನೆತ್ತಿಯಲ್ಲಿ ಅಕಾಲದ ಮೋಡ ಕೂಡುತ್ತಿತ್ತು. ಒಂದು ಮಳೆ ಬಿದ್ದರೆ ರಾಶಿ ಕಣದಲ್ಲೇ ಮೊಳೆಯುತ್ತದೆ. ಮೊಳೆತ ರಾಗಿಯನ್ನು ಕಣಜಕ್ಕೆ ಹಾಕುವಂತಿಲ್ಲ. ಮುಂದಿನ ಸುಗ್ಗಿಯವರೆಗೆ ಊರು ಏನು ತಿನ್ನಬೇಕು?

ಆಗ ಗೌಡನ ಹೆಂಡತಿ ಒಂದು ವಿಚಿತ್ರವನ್ನು ಕಂಡಳು. ಮಧ್ಯಾಹ್ನ ಎಲ್ಲರ ಮನೆಯ ಒಲೆಯ ಹೊಗೆ ಮೇಲಕ್ಕೆ ನೆಟ್ಟಗೆ, ಕಂಬದ ಹಾಗೆ ಏರುತ್ತಿತ್ತು. ದ್ಯಾವಣ್ಣನ ಮನೆಯ ಹೊಗೆ ಮಾತ್ರ ಹಿಂದಕ್ಕೆ, ಬಂಡೆಯ ಕಡೆಗೆ, ತುಸುವೇ ಬಾಗಿತ್ತು.

ಅವಳು ಗಂಡನನ್ನು ಕರೆದು ತೋರಿಸಿದಳು. ಗೌಡ ಊರವರನ್ನು ಕರೆದು ತೋರಿಸಿದ. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಹೊಗೆ ಬಾಗಿದ್ದು ಸುಳ್ಳಲ್ಲ. ಅದರ ಅರ್ಥ ಏನು?

"ನೋಡಿದಿರಾ?" ಎಂದ ಗೌಡ. "ಎಲ್ಲರ ಹೊಗೆ ನೆಟ್ಟಗಿದೆ, ಇವನದು ಸೊಟ್ಟ. ಎಲ್ಲರ ಬಂಡೆ ತಂಪು, ಇವನದು ಬಿಸಿ. ಇಡೀ ಊರು ಒಂದು ಹದದಲ್ಲಿರುವಾಗ ನಡುವೆ ಇವನೊಬ್ಬನದು ಅಪಸ್ವರ. ಗಾಳಿಗೂ ಗೊಂದಲ ಆಗಿದೆ. ಬರಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತಿದೆ."

ಮಾತು ಎಲ್ಲರಿಗೂ ಹಿಡಿಸಿತು. ದಿಕ್ಕು ತಪ್ಪಿದವರಿಗೆ ಯಾರಾದರೂ ಒಬ್ಬನ ಕಡೆ ಬೆರಳು ತೋರಿಸಿದರೆ ಅದೇ ದಿಕ್ಕು. ತಮ್ಮ ಹೊಲದಲ್ಲಿ ಮುಯ್ಯಾಳಾಗಿ ದುಡಿದವನನ್ನೇ, ತಮ್ಮ ಎತ್ತಿಗೆ ಜೊತೆ ಎತ್ತು ಕೊಟ್ಟವನನ್ನೇ, ಊರ ಅನ್ನಕ್ಕೆ ಮಣ್ಣು ಹಾಕುವವನು ಎಂದರು. ಪಟ್ಟಿ ಮುಚ್ಚದಿದ್ದರೆ ಇನ್ನು ಅವನ ಹೊಲಕ್ಕೆ ಕೈಯಾಳಿಲ್ಲ, ಅವನ ಮನೆಗೆ ಬೆಂಕಿಕೆಂಡವಿಲ್ಲ, ಕೆರೆಯ ನೀರಿನ ಸರದಿಯಿಲ್ಲ ಎಂದು ತೀರ್ಮಾನವಾಯಿತು.

ದ್ಯಾವಣ್ಣ ತನ್ನ ಮನೆಯ ಹೊಗೆಯನ್ನು ಬಹಳ ಹೊತ್ತು ನೋಡಿದ. ಬಾಗಿತ್ತು, ನಿಜ. ಅವರು ಹೇಳುವುದು ಸರಿಯಿರಬಹುದು. ಇಲ್ಲದಿರಬಹುದು. ತನ್ನಿಂದಲೇ ಊರು ಉಪವಾಸ ಬೀಳುವುದಾದರೆ ಈ ಹಟವನ್ನು ಯಾವ ಬಾಯಿಂದ ಸಮರ್ಥಿಸುವುದು? ಹಿತ್ತಿಲಿಗೆ ಹೋಗಿ ಬುಟ್ಟಿಗೆ ಮಣ್ಣು ತುಂಬಿದ. ತಾನೇ ಹೊತ್ತು ಬಂಡೆಯ ಅಂಚಿನವರೆಗೆ ಬಂದ. ಬುಟ್ಟಿ ಬಗ್ಗಿಸಲು ಕೈ ಎತ್ತಿದ.

ಎಡಕ್ಕೆ ನೋಡಿದ: ಹಸಿರು. ಬಲಕ್ಕೆ ನೋಡಿದ: ಹಸಿರು. ಹಸಿರಿನ ಕೆಳಗೆ ಬಂಡೆ ಇದೆ ಎಂಬುದಕ್ಕೆ ಗುರುತೇ ಇರಲಿಲ್ಲ. ಇದನ್ನೂ ಮುಚ್ಚಿದರೆ, ಮೊದಲು ಹೇಗಿತ್ತು ಎಂದು ತೋರಿಸುವುದಕ್ಕೂ ಒಂದು ತುಂಡು ಉಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ಅದು ಉತ್ತರವಾಗಿರಲಿಲ್ಲ. ಆದರೂ ಕೈ ಇಳಿಯಿತು. ಮಣ್ಣನ್ನು ಹೊತ್ತುಕೊಂಡೇ ಹಿಂದಿರುಗಿದ.

ಮರುದಿನ ಮೋಡ ಗುಡ್ಡವನ್ನು ಇಳಿದು ಕೆರೆಯ ಆಚೆ ದಡದವರೆಗೆ ಬಂತು. ಬಂಡೆಯ ಮೇಲೆ ಇನ್ನೂ ಬಿಸಿಲಿತ್ತು. ಊರವರು ಕಾಯಲಿಲ್ಲ. ನೆತ್ತಿ ಸುಡುವ ಹೊತ್ತಿಗೆ ಬುಟ್ಟಿಗಳಲ್ಲಿ ಗೋಡುಮಣ್ಣು ಹೊತ್ತು ಸಾಲಾಗಿ ಬಂದರು. ಮುಂದೆ ಗೌಡ. ಹಿಂದೆ ಕಮ್ಮಾರ, ಪೂಜಾರಿ, ಹೆಣ್ಣು ಗಂಡು ಎಲ್ಲ. ದ್ಯಾವಣ್ಣ ಪೊರಕೆ ಹಿಡಿದು ತನ್ನ ಪಟ್ಟಿಯಲ್ಲಿ ನಿಂತಿದ್ದ. ಬಂದವರ ಮುಖಗಳನ್ನು ನೋಡಿದ. ಯಾವ ಮುಖದಲ್ಲೂ ಕೋಪವಿರಲಿಲ್ಲ. ಹೆದರಿಕೆಯಿತ್ತು. ಅದು ಅವನಿಗೆ ಇನ್ನೂ ಕಷ್ಟವಾಯಿತು.

ಸಾಲಿನ ನಡುವೆ ತಲೆಯ ಮೇಲೆ ಬುಟ್ಟಿ ಹೊತ್ತು ಅವನ ಹೆಂಡತಿಯೂ ಬಂದಿದ್ದಳು.

"ಪಕ್ಕಕ್ಕೆ ಬಾ, ದ್ಯಾವಣ್ಣ," ಎಂದ ಗೌಡ. ದನಿ ಮೆತ್ತಗಿತ್ತು. "ನಿನ್ನ ಕೈಯಿಂದ ಬೇಡ. ಪಾಪ ಬಂದರೆ ನಮಗೆ ಬರಲಿ."

"ನನ್ನದು ತಪ್ಪಿದ್ದರೆ ನಾಳೆ ಮುಚ್ಚಬಹುದು, ಗೌಡ್ರೆ. ನಿಮ್ಮದು ತಪ್ಪಿದ್ದರೆ?"

"ನಾಳೆ ಅನ್ನೋದು ಎಲ್ಲಿದೆಯಯ್ಯ? ಮೋಡ ನೋಡು!"

ದ್ಯಾವಣ್ಣ ಮೋಡ ನೋಡಿದ. ಕಣದಲ್ಲಿ ಬಿದ್ದಿದ್ದ ರಾಶಿಯನ್ನು ನೋಡಿದ. ಅದರಲ್ಲಿ ಅವನ ವರ್ಷವೂ ಇತ್ತು. ಹೆಂಡತಿ ಸಾಲು ಬಿಟ್ಟು ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ದಮ್ಮಯ್ಯ ಅಂತೀನಿ, ಪಕ್ಕಕ್ಕೆ ಬನ್ನಿ," ಎಂದಳು. "ಎಲ್ಲರ ಹಾಗೆ ಇದ್ದುಬಿಡೋಣ. ಯಾತಕ್ಕೆ ಹಿಂಗೆ ಮಾಡ್ತೀರಿ? ಒಂದು ಮಾತು ಹೇಳಿ, ಒಂದೇ ಒಂದು. ನಾನು ಬುಟ್ಟಿ ಇಳಿಸ್ತೀನಿ."

ಅವನು ಬಾಯಿ ತೆರೆದ. ಒಂದೇ ಒಂದು ಮಾತಿಗಾಗಿ ತಡಕಿದ.

"ನನಗೂ ಗೊತ್ತಿಲ್ಲ ಕಣೇ," ಎಂದ.

ಗೌಡ ಕೈ ಬೀಸಿದ. ಬುಟ್ಟಿಗಳು ಮುಂದೆ ಬಂದವು. ದ್ಯಾವಣ್ಣ ಪೊರಕೆಯನ್ನು ಬದಿಗಿಟ್ಟ. ಮೈಮೇಲಿನ ಅಂಗಿಯನ್ನು ತೆಗೆದ. ಅದನ್ನು ಹಾಸಿಕೊಳ್ಳಲಿಲ್ಲ, ಮಡಚಿ ಪಟ್ಟಿಯ ಹೊರಗೆ ಇಟ್ಟ. ಆಮೇಲೆ ಉರಿಯುವ ಬಂಡೆಯ ಮೇಲೆ, ತನ್ನ ಪಾಲಿನ ಉದ್ದಕ್ಕೂ, ಬರಿಯ ಬೆನ್ನು ಊರಿ ಅಂಗಾತ ಮಲಗಿದ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿವಲೆಂಕನಿಗೆ ತಡೆಯಲಾಗಲಿಲ್ಲ.

"ಆಮೇಲೆ? ಅವನ ಮೇಲೆ ಮಣ್ಣು ಸುರಿದರೇ, ಗುರುಗಳೇ?"

"ಎಲ್ಲವೂ ಒಂದೇ ಹದದಲ್ಲಿರಲಿ ಎಂದವನು ನೀನು. ಬುಟ್ಟಿ ನಿನ್ನ ತಲೆಯ ಮೇಲಿದೆ, ಶಿವಲೆಂಕ, ನನ್ನನ್ನೇಕೆ ಕೇಳುತ್ತೀಯೆ?"